ಮೂರು ಹಗ್ಗ, ಒಂದು ಸೀಲು

ತನ್ನ ಹೋಟೆಲಿನ ಬಾಗಿಲಿಗೇ ಆಹಾರ ಇಲಾಖೆಯ ಅಧಿಕಾರಿ ಮಿಲ್ತೋಸ್ ಸೀಲು ಹಾಕುತ್ತಿರುವುದನ್ನು ನೋಡಿ ಕಲಿರೋಯಿಗೆ ನಂಬಿಕೆಯೇ ಬರಲಿಲ್ಲ. ಈ ಗ್ರೀಕ್ ದ್ವೀಪಕ್ಕೆ ತಪಾಸಣೆಗೆ ಬಂದಾಗಲೆಲ್ಲ ಕಡಲಿಗೆ ಬೆನ್ನು ಹಾಕಿ, ಅವಳ ಅಡುಗೆಮನೆಯತ್ತ ಮುಖ ಮಾಡಿ ಕೂರುತ್ತಿದ್ದ ಮನುಷ್ಯ. ಕಾಫಿ ಮುಗಿದ ಮೇಲೂ ಖಾಲಿ ಕಪ್ಪನ್ನೇ ಹೀರುತ್ತಿದ್ದ. ಅವಳು ಎಷ್ಟು ಸಲ ಒಳಗೊಳಗೇ ನಕ್ಕಿದ್ದಳೋ!

ಆಕ್ಟೋಪಸ್ ಅನ್ನು ಬೀದಿಯಲ್ಲಿ ಹಗ್ಗಕ್ಕೆ ನೇತುಹಾಕಿ ಒಣಗಿಸಿದ್ದೇ ತಪ್ಪಂತೆ. ಅಜ್ಜಿಯ ಕಾಲದಿಂದ ಹಾಗೆಯೇ ಬಿಸಿಲಿಗೆ ಒಣಗಿಸಿ ಕೆಂಡದಲ್ಲಿ ಸುಡುವುದು. ಬಂದರಿನ ಮೂರೂ ಹೋಟೆಲುಗಳ ಮುಂದೆ ಅದೇ ಹಗ್ಗ, ಸೀಲು ಮಾತ್ರ ಇವಳಿಗೆ. ಪ್ರವಾಸಿಗರು ತುಂಬುವ ಆಗಸ್ಟಿನಲ್ಲೇ ಬಾಗಿಲು ಮುಚ್ಚಿದರೆ ಚಳಿಗಾಲಕ್ಕೆ ಹೊಟ್ಟೆಗೇನು? ಎಲ್ಲಿಗಾದರೂ ಹೋಗೋಣವೆಂದರೆ ಸುತ್ತ ನೀರು.

"ಪಕ್ಕದ ಹಗ್ಗ ಕಣ್ಣಿಗೆ ಕಾಣಲ್ವಾ ಸಾಹೇಬ್ರೆ? ಮೇಯರ್ ಭಾವಮೈದುನನ ಹೋಟ್ಲು ಅಂತಾನಾ?"

"ಅದಕ್ಕಲ್ಲ." ಅವನ ಕಿವಿ ಕೆಂಪಾಯಿತು. "ಅವರನ್ನ ಎಚ್ಚರಿಸಿ ಬಿಟ್ರೆ ಯಾರೂ ಕೇಳಲ್ಲ. ನಿಮ್ಮನ್ನ ಬಿಟ್ರೆ ಯಾಕೆ ಬಿಟ್ಟ ಅಂತ ಊರು ಆಡ್ಕೊಳ್ಳುತ್ತೆ. ಈಗ್ಲೇ ಆಡ್ಕೋತಿದೆ."

"ಅಂದ್ರೆ ನಿಮಗೆ ಬೇಕಾದವಳು ಅಂತ ನನಗೊಬ್ಬಳಿಗೇ ಶಿಕ್ಷೆ. ಇದು ನ್ಯಾಯಾನಾ?"

ಅವನು ಸೀಲನ್ನು ಸೊಟ್ಟಗೆ ಅಂಟಿಸಿ, ಬಿಡಿಸಿ, ಮತ್ತೆ ನೇರ ಮಾಡಿ ಅಂಟಿಸಿದ. ಅದನ್ನು ಕಂಡು ಅವಳ ಮನಸ್ಸು ಕರಗಿತು, ಕರಗಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮಿಲ್ತೋಸ್ ನೇರ ಎದುರಿನ ಕಾಫಿ ಅಂಗಡಿಗೆ ನಡೆದ. ಅಲ್ಲಿ ಪಗಡೆಯಾಡುತ್ತಿದ್ದವರೆಲ್ಲ ತಲೆಯೆತ್ತಿದರು. "ಕಲಿರೋಯಿ ಅಂದ್ರೆ ನನಗೆ ಪ್ರಾಣ," ಎಂದ, ಎಲ್ಲರಿಗೂ ಕೇಳುವಂತೆ. "ಅವರ ಹೋಟ್ಲಿನ ತಪಾಸಣೆ ನಾನು ಮಾಡಬಾರದಿತ್ತು. ಇಲಾಖೆಗೂ ಇದನ್ನೇ ಹೇಳ್ತೀನಿ. ಬೇರೆಯವರು ಬಂದು ಮೂರನ್ನೂ ಒಂದೇ ಕಣ್ಣಲ್ಲಿ ನೋಡಲಿ."

ಆಟದಲ್ಲಿದ್ದ ಮೇಯರ್ ಭಾವಮೈದುನ ಮೆಲ್ಲಗೆ ಎದ್ದು ತನ್ನ ಹಗ್ಗ ಬಿಚ್ಚಲು ಹೋದ.

ಹಡಗು ಹತ್ತಲು ಹೊರಟಿದ್ದ ಮಿಲ್ತೋಸ್‌ನನ್ನು ಕಲಿರೋಯಿ ಹಡಗುಕಟ್ಟೆಯಲ್ಲಿ ಹಿಡಿದಳು. ಹೊಸ ಅಧಿಕಾರಿ ಬರುವವರೆಗೆ ಸೀಲು ಕೀಳುವ ಅಧಿಕಾರ ತನಗೂ ಇಲ್ಲವೆಂದ. ಇನ್ನು ಇಲಾಖೆ ತನ್ನನ್ನು ಈ ದ್ವೀಪದ ತಪಾಸಣೆಗೆ ಕಳಿಸುವುದಿಲ್ಲವೆಂದೂ ಹೇಳಿದ.

"ಊರಿಗೆಲ್ಲ ಹೇಳಿದ್ರಿ. ನನಗೆ?"

"ಅಧಿಕಾರಿಯಾಗಿ ಹೇಗೆ ಹೇಳಲಿ?"

"ಈಗ ನನಗೆ ಅಧಿಕಾರಿ ಅಲ್ವಲ್ಲ."

ಅವನು ಹೇಳಿದ, ತೊದಲುತ್ತ. ಹಡಗು ಕೂಗಿತು. ಅವಳು ಅವನ ಅಂಗಿಯ ತೋಳು ಹಿಡಿದೇ ಇದ್ದಳು.

"ಮುಂದಿನ ವಾರ ಊಟಕ್ಕೆ ಬಾ," ಎಂದಳು. "ಬಾಗಿಲು ತೆಗೀದೇ ಇದ್ರೂ ಬಾ."