ಉರಿಯದ ಔಷಧಿ

ಮಂಗಳವಾರ ಬೆಳಿಗ್ಗೆ ಲಾರಿ ಮೆಕ್ಯಾನಿಕ್ ಠಾಣೆಗೆ ಬಂದ. ಉಗುರಲ್ಲಿ ಗ್ರೀಸು ಹಾಗೇ ಇತ್ತು.

"ಕಾಲಿನ ಗಾಯಕ್ಕೆ ಆಸ್ಪತ್ರೆಗೆ ಸೇರಿಸಿದ ಅಪ್ಪ ಹೆಣವಾಗಿ ಬಂದ ಸಾರ್. ಕೊಳಕು ನೀರಲ್ಲಿರೋ ಕ್ರಿಮಿಯಂತೆ, ಮನುಷ್ಯರಿಗೆ ತಗಲೋದೇ ಅಪರೂಪವಂತೆ. ಅದೇ ವಾರ್ಡಲ್ಲಿ ಇನ್ನಿಬ್ಬರಿಗೂ ತಗಲಿದೆ. ದೊಡ್ಡ ಡಾಕ್ಟ್ರು ಹಣೆಬರಹ ಅಂತಾರೆ. ಹಣೆಬರಹ ಹಣೇಲಿರ್ಬೇಕು, ಕಾಲಿಗ್ಯಾಕೆ ಬಂತು? ಆ ವಾರ್ಡಲ್ಲಿ ಗಾಯ ಕಟ್ಟೋ ಡ್ರೆಸ್ಸರ್ ಒಬ್ಬನೇ ಮನುಷ್ಯ. ಮಿಕ್ಕವರನ್ನ ಬಿಡಬೇಡಿ."

ಎಫ್‌ಐಆರ್ ಆಯಿತು. ಇನ್ಸ್‌ಪೆಕ್ಟರ್ ಕಾನ್‌ಸ್ಟೇಬಲ್ ಜೊತೆ ಆಸ್ಪತ್ರೆಗೆ ಹೋದ. ರೋಗಿಗಳೇ ಮನೆಯಿಂದ ಕ್ರಿಮಿ ತಂದರು ಎಂದರು ದೊಡ್ಡ ಡಾಕ್ಟರು, ಎಸಿ ಕೋಣೆಯಲ್ಲಿ ಕೂತು. ಸತ್ತವನ ಮೇಲೆ ಗೂಬೆ ಕೂರಿಸುವುದು ಸಲೀಸು.

ಕೆಳಗೆ ಗಾಯ ಬಿಚ್ಚಿ ಕಟ್ಟುವ ಹೊತ್ತು. ಮೊದಲ ವಾರ್ಡಿನಲ್ಲಿ ಔಷಧಿ ಬಿದ್ದದ್ದೇ ಒಬ್ಬ ತನ್ನ ಅವ್ವನನ್ನು ಕರೆದ, ಇನ್ನೊಬ್ಬ ಅಲ್ಲಿನ ಡ್ರೆಸ್ಸರನ ಅವ್ವನನ್ನೂ ಬಿಡಲಿಲ್ಲ. ಸಾವಾದ ವಾರ್ಡಿನಲ್ಲಿ ಎಲ್ಲರೂ ಫ್ಯಾನ್ ನೋಡುತ್ತ ತಣ್ಣಗೆ ಮಲಗಿದ್ದರು.

"ಇಲ್ಯಾಕೆ ಯಾರೂ ಅಳಲ್ಲ?"

"ನಮ್ಮ ಡ್ರೆಸ್ಸರನ್ನ ಹೂಗೈ ಅಣ್ಣ ಅಂತೀವಿ ಸಾರ್," ಅಂದ ಒಬ್ಬ ಮುದುಕ. "ಅವನು ಹಾಕಿದ್ರೆ ಉರಿಯಲ್ಲ."

ಇನ್ಸ್‌ಪೆಕ್ಟರ್ ಎರಡೂ ವಾರ್ಡಿನ ಬಾಟಲಿಗಳನ್ನು ಕಿಟಕಿಗೆ ಹಿಡಿದ. ಒಂದು ಕಡುಗಂದು. ಇನ್ನೊಂದು ಬಟ್ಟೆ ಜಾಲಿಸಿದ ನೀರಿನಂತಿತ್ತು. ಪಂಚನಾಮೆ ಮಾಡಿ ಎರಡಕ್ಕೂ ಸೀಲು ಹಾಕಿಸಿದ. ಸಾವಾದ ವಾರ್ಡಿನ ಮೂಲೆಯ ಡ್ರಮ್ಮಿನ ನೀರನ್ನೂ ತುಂಬಿಸಿಕೊಂಡ.

ಶುಕ್ರವಾರ ಲ್ಯಾಬಿನ ವರದಿ ಬಂತು. ತೆಳ್ಳನೆಯ ಔಷಧಿಯಲ್ಲೂ ಡ್ರಮ್ಮಿನಲ್ಲೂ ಅದೇ ಕ್ರಿಮಿ. ಸಂಜೆ ಹೂಗೈಯನ್ನು ದಸ್ತಗಿರಿ ಮಾಡಿದರು.

"ನೀರು ಬೆರೆಸಿದ್ಯಾ?"

"ಹೌದು ಸಾರ್."

"ಡ್ರಮ್ಮಿನದ್ದಾ?"

"ನಲ್ಲಿ ಕೆಟ್ಟು ಎಷ್ಟೋ ಕಾಲ ಆಯ್ತು. ಹೇಳಿ ಹೇಳಿ ಸಾಕಾಯ್ತು."

"ಔಷಧಿ ಕದ್ದು ಮಾರ್ತಿದ್ಯಾ?"

"ಒಂದು ತೊಟ್ಟೂ ಇಲ್ಲ."

"ಮತ್ಯಾಕೆ?"

ಅವನು ತನ್ನ ಕೈಗಳನ್ನೇ ನೋಡಿಕೊಂಡ. "ಮೆಕ್ಯಾನಿಕ್ ಈ ಕೈ ಹಿಡ್ಕೊಂಡ. 'ಅಪ್ಪ ಅಳೋದು ನೋಡಕ್ಕಾಗಲ್ಲ, ಉರಿಯದ ಹಾಗೆ ಏನಾದ್ರೂ ಮಾಡಣ್ಣ' ಅಂದ. ತೆಳ್ಳಗೆ ಮಾಡಿದೆ. ಆ ಅಜ್ಜ ಆವತ್ತು ನಕ್ಕರು ಸಾರ್. ಆಮೇಲೆ ಎಲ್ಲರೂ ನಂಗೂ ಹಾಗೇ ಹಾಕು ಅಂದ್ರು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಕಾನ್‌ಸ್ಟೇಬಲ್ ಪೆನ್ನು ಎತ್ತಿದ. "ಮಗ ಹೇಳಿದ ಮಾತೂ ಬರೀಲಾ ಸಾರ್?"

ಇನ್ಸ್‌ಪೆಕ್ಟರ್ ಎದ್ದು ಬಾಗಿಲು ಮುಂದೆ ಮಾಡಿದ. "ಬರಿ. ನಲ್ಲಿ ಮಾತು ಬಿಡಬೇಡ. ಎಸಿ ಕೋಣೆಗೂ ನೋಟೀಸು ಹೋಗ್ಲಿ."

ಅವನು ಹೊರಗೆ ಬಂದದ್ದೇ ಬೆಂಚಿನಿಂದ ಮೆಕ್ಯಾನಿಕ್ ಎದ್ದು ನಿಂತ. "ಹೂಗೈ ಅಣ್ಣನ್ನ ಯಾಕೆ ಹಿಡಿದ್ರಿ ಸಾರ್? ಅವನೇನು ಮಾಡಿದ?"

ಇನ್ಸ್‌ಪೆಕ್ಟರ್ ಟೋಪಿ ತೆಗೆದ.

"ಕೂತ್ಕೋಪ್ಪ ಮೊದಲು," ಎಂದು ತಾನೂ ಅವನ ಪಕ್ಕ ಕೂತ.