ಹನ್ನೊಂದನೆಯ ಚಿಪ್ಪಿ

ಮಂಗಳವಾರ ಬೆಳಿಗ್ಗೆ ನಾನು ಬಸ್ಸಿನ ಹಿಂದಿನ ಟೈರಿಗೆ ಗಾಳಿ ತುಂಬುತ್ತಿದ್ದಾಗ ಅಪೆಲು ಕೋಲೂರಿಕೊಂಡು ನಮ್ಮ ಅಂಗಳಕ್ಕೆ ಬಂದ. ತಲೆ ಬಾಚಿರಲಿಲ್ಲ. ಅತ್ತಿಗೆ ಕೋಕೋ ಬಗ್ಗಿಸಿ ಮುಂದಿಟ್ಟರೂ ಅವನು ಲೋಟವನ್ನು ಮುಟ್ಟಲಿಲ್ಲ.

"ಸಿಯೆನಿಯಕ್ಕ, ನನ್ ಮಗಳು ಕಳ್ಳಿ ಅಲ್ಲ. ಹೊತ್ತು ಮುಳುಗೋದ್ರೊಳಗೆ ಇಡೀ ಮನೆಮಂದಿ ಊರು ಬಿಡ್ಬೇಕಂತೆ. ನಿನ್ನೆ ಸಭೇಲಿ ಹೇಳಿಬಿಟ್ರು. ಅಪ್ಪ ಅಮ್ಮನ ಗೋರಿ ಅಂಗಳದಲ್ಲೇ ಇದೆ. ಅದನ್ನ ಯಾರ ಕೈಗೆ ಕೊಟ್ಟು ಹೋಗ್ಲಿ?" ಎಂದವನು ಗಂಡಸೆಂಬುದನ್ನೂ ಮರೆತು ಗೊಳೋ ಎಂದು ಅತ್ತ.

ಸಿಯೆನಿ ನನ್ನ ತೀರಿಹೋದ ಅಣ್ಣನ ಹೆಂಡತಿ. ನಲವತ್ತು ವರ್ಷ ಈ ಸವಾಯಿ ದ್ವೀಪದ ಆಸ್ಪತ್ರೆಯಲ್ಲಿ ನರ್ಸಾಗಿದ್ದು ಈಗ ನಮ್ಮ ಮಟಾಫಾಗಾ ಊರಿನ ಹೆಂಗಸರ ಸಮಿತಿಯನ್ನು ನಡೆಸುತ್ತಾಳೆ. ಯಾರ ಮನೆಯ ಅಡುಗೆಗೂಡು, ಯಾರ ಮನೆಯ ಕಕ್ಕಸು ಹೇಗಿದೆಯೆಂದು ನೋಡಿ ಬೈಯುವ ಹಕ್ಕು ಆ ಸಮಿತಿಗಿದೆ. ಊರಲ್ಲಿ ಏನು ಕಳೆದರೂ ಜನ ಪೊಲೀಸರ ಹತ್ತಿರ ಹೋಗುವುದಿಲ್ಲ, ಅವಳ ಹತ್ತಿರ ಬರುತ್ತಾರೆ. ನಾನು ಪೆನಿ. ಬಸ್ಸು ಓಡಿಸುತ್ತೇನೆ, ಅವಳು ಹೇಳಿದ ಕಡೆ ನಿಲ್ಲಿಸುತ್ತೇನೆ.

"ಅತ್ತಿದ್ದು ಸಾಕು," ಎಂದಳು ಅತ್ತಿಗೆ. "ನಿನ್ನ ಮಗಳ ಮೇಲೆ ಏನೇನು ಹೊರಿಸಿದ್ದಾರೋ ಒಂದೊಂದೇ ಹೇಳು."

ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ಆರು ವರ್ಷದ ಹಿಂದೆ, ಕಡಲ ತೀರದಲ್ಲಿ ಪ್ರವಾಸಿಗಳಿಗೆಂದು ಗುಡಿಸಲು ಕಟ್ಟಿಕೊಳ್ಳಲು ಸಭೆ ಒಪ್ಪಿದಾಗ, ಊರು ಕೆಡುತ್ತಿದೆಯೋ ಉಳಿಯುತ್ತಿದೆಯೋ ಎಂದು ತಿಳಿಯಲು ಎಂಟು ಸೂಚಕಗಳನ್ನು ಇಟ್ಟುಕೊಂಡೆವು. ನಲ್ಲಿಯಲ್ಲಿ ದಿನಕ್ಕೆಷ್ಟು ಗಂಟೆ ನೀರು ಬರುತ್ತದೆ, ದಡಕ್ಕೂ ಹವಳದ ಬಂಡೆಸಾಲಿಗೂ ನಡುವಿನ ಒಳಗಡಲಲ್ಲಿ ಕೊಳೆಯೆಷ್ಟು, ಊರಿನ ಎಷ್ಟು ಮಂದಿಗೆ ಕೆಲಸ ಸಿಕ್ಕಿದೆ, ಹೀಗೆ. ಅವುಗಳಲ್ಲಿ ಮುಖ್ಯವಾದದ್ದು ದೊಡ್ಡಚಿಪ್ಪಿಗಳ ಎಣಿಕೆ. ಬಂಡೆಸಾಲಿನ ಪಕ್ಕ ಯಾರೂ ಕೈಹಾಕಬಾರದೆಂದು ಬಿಟ್ಟ ಜಾಗದಲ್ಲಿ, ತೆಂಗಿನಕಾಯಿಯಷ್ಟು ದಪ್ಪ ಚಿಪ್ಪಿಗಳಿದ್ದವು. ನೀರು ಕೆಟ್ಟರೆ ಮೊದಲು ಸಾಯುವುದು ಅವೇ. ಮೂವತ್ತಕ್ಕಿಂತ ಕಡಿಮೆಯಾದರೆ ಗುಡಿಸಲುಗಳನ್ನು ಆರು ತಿಂಗಳು ಮುಚ್ಚಬೇಕು. ಈ ನಿಯಮ ಹೊರಗಿನವರು ಹೇರಿದ್ದಲ್ಲ. ನಾವೇ ಮಾಡಿದ್ದು, ಚಪ್ಪಾಳೆ ತಟ್ಟಿ.

ಪ್ರತಿ ತಿಂಗಳ ಮೊದಲ ಶನಿವಾರ ಅಪೆಲುವಿನ ಮಗಳು ಫೆಟೂ ಮುಳುಗಿ ಎಣಿಸುತ್ತಿದ್ದಳು. ಈ ಶನಿವಾರ ಬೆಳಿಗ್ಗೆ ಎಣಿಸಿದಾಗ ನಲವತ್ತೊಂದು. ಅದನ್ನು ಪರೀಕ್ಷಿಸಲು ರಾಜಧಾನಿ ಆಪಿಯಾದಿಂದ ಅಂದೇ ಬರಬೇಕಿದ್ದ ಅಧಿಕಾರಿ ಹೆಣ್ಣುಮಗಳು, ಹೊರಗಡಲು ಒರಟಾಗಿ ಹಡಗು ಹೊರಡದ್ದರಿಂದ ಬರಲಿಲ್ಲ. ಹೇಳದೆ ಕೇಳದೆ ಸೋಮವಾರ ಬಂದು ತಾನೇ ಮುಳುಗಿದಳು. ಸಿಕ್ಕಿದ್ದು ಹನ್ನೊಂದು.

"ಮಧ್ಯಾಹ್ನ ನಮ್ಮ ಅಡುಗೆಗೂಡಿನ ಹಿಂದೆ ಮೂವತ್ತು ಖಾಲಿ ಚಿಪ್ಪು ಸಿಕ್ತು," ಎಂದ ಅಪೆಲು. "ಎಸೆರಾ ಬೇರೆ ಸಾಕ್ಷಿ ಹೇಳ್ದ. ಶನಿವಾರ ಸಾ ಹೊತ್ನಲ್ಲಿ ಕಡಲತುದಿ ಕಾವಲಿಗೆ ನಿಂತಿದ್ದಾಗ ಫೆಟೂ ದೋಣಿ ತಗೊಂಡು ಬಂಡೆ ಕಡೆ ಹೋಗಿದ್ದನ್ನ ನೋಡಿದ್ನಂತೆ. ಕೂಗಿದ್ರೂ ತಿರುಗಿ ನೋಡ್ಲಿಲ್ವಂತೆ. ದೇವರಾಣೆ, ಅವಳು ನಮ್ ಜೊತೆ ಚಾಪೆ ಮೇಲೆ ಪ್ರಾರ್ಥನೆಗೆ ಕೂತಿದ್ಲು."

ಸಾ ಎಂದರೆ ಸಂಜೆಯ ಪ್ರಾರ್ಥನೆಯ ಹೊತ್ತು. ಖಾಲಿ ಗ್ಯಾಸ್ ಸಿಲಿಂಡರನ್ನು ಒಮ್ಮೆ ಬಡಿದರೆ ಎಲ್ಲರೂ ಮನೆ ಸೇರಬೇಕು. ಕೊನೆಯ ಸಲ ಬಡಿಯುವ ತನಕ ಊರಲ್ಲಿ ನಾಯಿ ಬಿಟ್ಟರೆ ಇನ್ನೊಂದು ಜೀವ ಓಡಾಡುವುದಿಲ್ಲ. ರಸ್ತೆಯುದ್ದಕ್ಕೂ, ಅದು ದಡ ಸೇರುವ ಕಡಲತುದಿಯ ತನಕ, ಅಲ್ಲಲ್ಲಿ ನಿಲ್ಲುವ ಕಾವಲಿನ ಗಂಡಸರು ಮಾತ್ರ ಹೊರಗಿರುತ್ತಾರೆ. ಅವರ ನಾಯಕ ಎಸೆರಾ. ಊರ ಯಜಮಾನ ಸಿಲಿವಾಯಿಯ ತಮ್ಮ. ಯಜಮಾನರ ಮನೆತನದ ಗುಡಿಸಲುಗಳನ್ನು ನೋಡಿಕೊಳ್ಳುವವನೂ ಅವನೇ.

ಅತ್ತಿಗೆ ಕೊಡೆ ಹಿಡಿದು ಹೊರಟಳು. ಮೊದಲು ಅಪೆಲುವಿನ ಅಡುಗೆಗೂಡು. ಚಿಪ್ಪುಗಳು ರಾಶಿ ಬಿದ್ದಿದ್ದವು. ಅವಳು ಒಂದನ್ನೆತ್ತಿ ಮೂಸಿದಳು, ನನ್ನ ಮೂಗಿಗೂ ಹಿಡಿದಳು. ವಾಸನೆಯಿಲ್ಲ, ನೊಣವಿಲ್ಲ. ಒಳಮೈಯಲ್ಲಿ ಸುಣ್ಣದ ಸಣ್ಣ ಸಣ್ಣ ಕೊಳವೆಗಳು ಅಂಟಿ ಒಣಗಿದ್ದವು. ಕಡಲ ಹುಳುಗಳು ಕಟ್ಟಿಕೊಳ್ಳುವ ಗೂಡು ಅವು.

ಫೆಟೂ ಗೂಡಿನ ಕಂಬಕ್ಕೊರಗಿ ನಿಂತಿದ್ದಳು. ಇಪ್ಪತ್ತೆರಡು ವರ್ಷದ ಹುಡುಗಿ, ಅತ್ತಿರಲಿಲ್ಲ, ಕಣ್ಣು ಮಾತ್ರ ಕೆಂಡ.

"ಶನಿವಾರ ನಿಜವಾಗ್ಲೂ ನಲವತ್ತೊಂದು ಇತ್ತೇನೇ?"

"ಎರಡು ಸಲ ಎಣಿಸ್ದೆ ಅಜ್ಜಿ. ಇತ್ತು. ಆದ್ರೆ..."

"ಆದ್ರೆ ಏನು? ನುಂಗ್ಬೇಡ."

"ಕೈ ತಾಗಿದ್ರೆ ಕೆಲವು ಅಲ್ಲಾಡಿದ್ವು. ವರ್ಷಗಟ್ಲೆ ಒಂದೇ ಕಡೆ ಕೂತ ಚಿಪ್ಪಿ ಮರಳಲ್ಲಿ ಹೂತಿರತ್ತೆ, ಅಲ್ಲಾಡಲ್ಲ. ಮೂರು ತಿಂಗಳಿಂದ ಹಿಂಗೇ ಇದೆ. ಅಲೆ ಜಾಸ್ತಿ ಆಗಿರ್ಬೇಕು ಅಂದ್ಕೊಂಡೆ."

ಮುಂದೆ ಮೇಷ್ಟ್ರ ಮನೆಯಲ್ಲಿ ಉಳಿದಿದ್ದ ಅಧಿಕಾರಿ. ಆಕೆ ಇನ್ನೂ ವರದಿ ಬರೆದಿರಲಿಲ್ಲ. "ಉಳಿದ ಹನ್ನೊಂದು ಚೆನ್ನಾಗಿವೆಯಮ್ಮ," ಎಂದಳು. "ಎತ್ತಿ ನೋಡಿದಾಗ ಒಂದರ ತಳದಂಚಿನಲ್ಲಿ ಅರದಿಂದ ಉಜ್ಜಿದ ಎರಡು ಗೆರೆ ಇತ್ತು. ನೀವು ಹಾಕಿದ ಗುರುತಾ?"

ನಮ್ಮೂರಲ್ಲಿ ಚಿಪ್ಪಿಗೆ ಗುರುತು ಹಾಕುವ ರೂಢಿಯೇ ಇಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ನನ್ನ ಕಾಲು ತುಳಿದಳು.

ಆಮೇಲೆ ಗುಡಿಸಲುಗಳ ಕಡೆ. ಹನ್ನೆರಡಿದ್ದದ್ದು ಇಪ್ಪತ್ತಾರಾಗಿದ್ದವು. ಅತ್ತಿಗೆ ನೇರ ಹಿಂದಿನ ಕಕ್ಕಸಿನ ಸಾಲಿಗೆ ನಡೆದಳು. ಎಸೆರಾ ಹಿಂದೆಯೇ ಬಂದ, ಕಿವಿಗೆ ದಾಸವಾಳ ಸಿಕ್ಕಿಸಿಕೊಂಡು.

"ಏನಕ್ಕ, ಪೆನ್ಶನ್ ಬಂದ್ಮೇಲೂ ಕಕ್ಕಸು ನೋಡೋ ಚಟ ಬಿಡ್ಲಿಲ್ವಾ?"

"ನಾಲಿಗೆ ಸುಳ್ಳು ಹೇಳತ್ತೆ ಕಣಪ್ಪ. ಕಕ್ಕಸು ಹೇಳಲ್ಲ."

ಗುಂಡಿಯ ಕಲ್ಲು ಬಿರಿದು ಕಪ್ಪು ನೀರು ಕಡಲ ಕಡೆಗೆ ಸದ್ದಿಲ್ಲದೆ ಹರಿಯುತ್ತಿತ್ತು. ಅದರಾಚೆ ಹಸಿರು ಹುಲ್ಲಿನ ನಡುವೆ ಗಾಡಿಚಕ್ರದಷ್ಟು ಅಗಲಕ್ಕೆ ಹುಲ್ಲು ಹಳದಿಯಾಗಿ ಸತ್ತುಹೋಗಿತ್ತು. ಅತ್ತಿಗೆ ಅದರ ಮೇಲೆ ಕೊಡೆಯ ತುದಿಯೂರಿ ಸ್ವಲ್ಪ ಹೊತ್ತು ನಿಂತಳು. ಎಸೆರಾ ನಗುತ್ತಲೇ ಇದ್ದ. ಅವನ ಹೆಂಡತಿ ಪಕ್ಕದ ವೈಟೋಲೋ ಊರಿನವಳು. ಅತ್ತಿಗೆ ಅವಳನ್ನೂ ಮಾತಾಡಿಸಿ, ತವರಿನವರ ಕ್ಷೇಮ ವಿಚಾರಿಸಿ ಬಂದಳು. ಅಣ್ಣಂದಿರು ಕಡಲಲ್ಲಿ ಪಂಜರ ಕಟ್ಟಿ ಚಿಪ್ಪಿ ಸಾಕುತ್ತಾರಂತೆ, ಚೆನ್ನಾಗಿದ್ದಾರಂತೆ.

ದಾರಿಯಲ್ಲಿ ನನ್ನನ್ನು ಕೇಳಿದಳು. "ಪೆನಿ, ಶನಿವಾರ ಸಾ ಹೊತ್ತಲ್ಲಿ ನಿನ್ನ ಬಸ್ಸು ಎಲ್ಲಿತ್ತು?"

"ಎಲ್ಲಿರತ್ತೆ? ಊರೊಳಗೆ ಬರ್ತಾ ಸಿಲಿಂಡರ್ ಬಡಿದ್ರು. ಕಡಲತುದಿಲೇ ನಿಲ್ಸಿ ಕೂತೆ. ಹಿಂದೆ ಹೆಂಗಸ್ರು ಸ್ತೋತ್ರ ಶುರು ಮಾಡಿದ್ರು. ಮೂಟೆಗಟ್ಟಲೆ ಐಸು ಕರಗಿ ನನ್ ಕಾಲಿಗೇ ಹರೀತು."

"ಅಲ್ಲಿ ಕಾವಲಿನವರು ಯಾರೂ ನಿನ್ನ ತಡೀಲಿಲ್ವಾ?"

"ತಡೆಯೋಕೆ ಯಾರಿದ್ರು? ಒಂದು ನರಪಿಳ್ಳೆ ಇರ್ಲಿಲ್ಲ, ಮಬ್ಬುಗತ್ತಲಲ್ಲಿ ಬಂಡೆ ಕಡೆ ಕಣ್ಣೂ ಹಾಯ್ತಿರ್ಲಿಲ್ಲ. ಇಲ್ದಿದ್ರೂ ಸಾ ಸಾನೇ ಅಲ್ವಾ ಅತ್ತಿಗೆ."

ಅವಳು ನಡುರಸ್ತೆಯಲ್ಲೇ ನಿಂತುಬಿಟ್ಟಳು. "ಮುಠ್ಠಾಳ, ಇದನ್ನ ನಿನ್ನೆನೇ ಹೇಳೋಕೆ ಏನಾಗಿತ್ತು?" ಎಂದು ನನಗೇ ಬೈದಳು.

ಮಧ್ಯಾಹ್ನಕ್ಕೆ ಸಭಾಮನೆಯಲ್ಲಿ ಹಿರಿಯರೆಲ್ಲ ತಮ್ಮ ತಮ್ಮ ಕಂಬಕ್ಕೆ ಒರಗಿ ಕೂತರು. ಯಜಮಾನ ಸಿಲಿವಾಯಿ ನಡುವಿನ ಕಂಬಕ್ಕೆ. ಅಪೆಲು ಮತ್ತು ಫೆಟೂ ಹೊರಗೆ, ಬಿಸಿಲಲ್ಲಿ. ಅತ್ತಿಗೆ ಚಾಪೆಯ ಮೇಲೆ ಒಂದು ಚಿಪ್ಪು ಇಟ್ಟಳು.

"ಯಜಮಾನ್ರೇ, ಇದನ್ನ ಮೂಸಿ ನೋಡಿ. ಮೂರು ದಿನದ ಹಿಂದೆ ಕೊಯ್ದ ಚಿಪ್ಪಿ ಆಗಿದ್ರೆ ಈ ಮನೇಲಿ ಕೂರೋಕಾಗ್ತಿರ್ಲಿಲ್ಲ. ಒಳಗೆ ಹುಳ ಗೂಡು ಕಟ್ಟಿದೆ. ಚಿಪ್ಪಿ ಬದುಕಿರೋವಾಗ ಒಳಗೆ ಹುಳಕ್ಕೆ ಜಾಗ ಎಲ್ಲಿ? ಇವು ಸತ್ತು ತಿಂಗಳುಗಟ್ಲೆ ಆಯ್ತು. ನೀರಲ್ಲೇ ಸತ್ವು. ಯಾರೂ ಕದ್ದಿಲ್ಲ."

"ಹಂಗಿದ್ರೆ ಶನಿವಾರ ಎಣಿಸಿದ ನಲವತ್ತೊಂದು?" ಎಂದರು ಒಬ್ಬರು. "ಹುಡುಗಿ ಸುಳ್ಳು ಹೇಳಿದ್ಲು ಅನ್ನಿ."

"ಹುಡುಗಿ ಕಂಡದ್ದನ್ನೇ ಹೇಳಿದ್ಲು. ಕೈ ತಾಗಿದ್ರೆ ಅಲ್ಲಾಡಿದ್ವು ಅಂತಾಳೆ. ಬೇರೆ ಕಡೆಯಿಂದ ತಂದು ಇಟ್ಟಿದ್ದು, ಅದಕ್ಕೇ ಅಲ್ಲಾಡಿದ್ವು. ಎಣಿಕೆ ಮುಗಿದ್ಮೇಲೆ ವಾಪಸ್ ಹೋದ್ವು. ಆದ್ರೆ ಅವಸರದಲ್ಲಿ ಒಂದು ಇಲ್ಲೇ ಉಳಿದುಹೋಯ್ತು. ಹನ್ನೊಂದನೇದರ ಅಂಚಲ್ಲಿ ಅರದ ಗೆರೆ ಇದೆ. ನಾವು ಗುರುತು ಹಾಕಲ್ಲ. ಪಂಜರದಲ್ಲಿ ಸಾಕೋ ವೈಟೋಲೋದವರು ಹಾಕ್ತಾರೆ. ಎಸೆರಾ, ಅವರು ನಿನ್ನ ಭಾವಮೈದುನಂದಿರು ಅಲ್ವೇನಪ್ಪ?"

ಎಸೆರಾ ಕಿವಿಯ ಹೂ ತೆಗೆದು ಕೈಯಲ್ಲಿ ಹಿಡಿದ. "ಊರು ತುಂಬ ಕಣ್ಣಿದೆ ಅಕ್ಕ. ಮೂವತ್ತು ಚಿಪ್ಪಿ ಸಾಗಿಸೋದನ್ನ ಯಾರೂ ನೋಡದೆ ಇರ್ತಾರಾ?"

"ದಿನಕ್ಕೆ ಕಾಲು ಗಂಟೆ ಮಾತ್ರ ಈ ಊರಿಗೆ ಕಣ್ಣಿರಲ್ಲ. ಸಾ ಹೊತ್ನಲ್ಲಿ. ಶುಕ್ರವಾರ ಸಾ ಹೊತ್ನಲ್ಲಿ ಅವರನ್ನ ಕಟ್ಕೊಂಡು ತಂದೆ, ಶನಿವಾರ ಸಾ ಹೊತ್ನಲ್ಲಿ ದೋಣಿಗೆ ತುಂಬ್ಕೊಂಡು ಹೋದೆ. ಕಾವಲಿಗೆ ಯಾರನ್ನ ಎಲ್ಲಿ ನಿಲ್ಲಿಸ್ಬೇಕು ಅನ್ನೋದು ನಿನ್ನ ಕೈಲಿತ್ತು. ಕಡಲತುದಿ ನಿನಗೇ ಇಟ್ಕೊಂಡೆ."

"ನಾನು ಅಲ್ಲೇ ನಿಂತಿದ್ದೆ!"

ಅತ್ತಿಗೆ ನನ್ನ ಕಡೆ ನೋಡಿದಳು. ನಾನು ಎದ್ದು, ನನ್ನ ಬಸ್ಸು ಅಲ್ಲೇ ನಿಂತಿತ್ತೆಂದೂ ಅಲ್ಲಿ ಯಾರೂ ಇರಲಿಲ್ಲವೆಂದೂ ಹೇಳಿದೆ. ಹಿಂದಿನ ಸೀಟಿನಲ್ಲಿ ಕೂತು ಸ್ತೋತ್ರ ಹಾಡಿದ ನಾಲ್ವರು ಹೆಂಗಸರ ಹೆಸರನ್ನೂ ಹೇಳಿದೆ.

"ಕಾವಲಿಲ್ಲದಿದ್ರೆ ಬಸ್ಸು ನಿಲ್ಲದೆ ಮುಂದೆ ಹೋಗಿಬಿಡತ್ತೆ, ತಾನಿಲ್ಲದ್ದು ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡ," ಎಂದಳು ಅತ್ತಿಗೆ. "ಕಾಯೋನಿಗೆ ದೇವರ ಭಯ ಇಲ್ದಿದ್ರೂ ಡ್ರೈವರ್‌ಗೆ ಇತ್ತು. ಸತ್ತ ಚಿಪ್ಪುಗಳನ್ನ ಕಾಣದ ಹಾಗೆ ತೆಗೆದು ಕಕ್ಕಸಿನ ಹಿಂದೆ ರಾಶಿ ಹಾಕಿದ್ದ. ಅಲ್ಲಿ ಹುಲ್ಲು ಸತ್ತಿದೆ, ಹೋಗಿ ನೋಡಿ. ಅಧಿಕಾರಿ ಈ ತಿಂಗಳು ಬರಲ್ಲ ಅಂದ್ಕೊಂಡಿದ್ದ. ಸೋಮವಾರ ಬಂದು ನೀರಿಗಿಳಿದಾಗ ಊರೆಲ್ಲ ದಡದಲ್ಲಿ ಸೇರಿತ್ತು, ಇವನು ಗಾಬರಿಯಾಗಿ ರಾಶೀನ ಅಪೆಲು ಹಿತ್ತಲಿಗೆ ಸಾಗಿಸ್ದ. ಚಿಪ್ಪಿ ಯಾಕೆ ಸತ್ವು ಅಂತ ನಾನು ಹೇಳ್ಬೇಕಾ? ಹನ್ನೆರಡು ಗುಡಿಸಲಿಗೆ ತೋಡಿದ ಗುಂಡಿಗೆ ಇಪ್ಪತ್ತಾರರ ಹೊಲಸು. ಜ್ವರ ತೋರಿಸ್ತು ಅಂತ ಥರ್ಮಾಮೀಟರ್ ಒಡೆದವರ ಹಣೆಬರಹ ನಾನು ಆಸ್ಪತ್ರೇಲಿ ಬೇಕಾದಷ್ಟು ನೋಡಿದೀನಿ."

ಎಸೆರಾ ತಲೆ ತಗ್ಗಿಸಿದ. "ನನಗೋಸ್ಕರ ಮಾಡ್ಲಿಲ್ಲ," ಎಂದ, ಅಷ್ಟೇ.

ಸಿಲಿವಾಯಿ ಚಿಪ್ಪನ್ನೆತ್ತಿ ಮೂಸಿ ಕೆಳಗಿಟ್ಟರು. ಆಮೇಲೆ ತೀರ್ಪು ಹೇಳಿದರು. ಎಸೆರಾನಿಗೆ ಹತ್ತು ಹಂದಿ ದಂಡ, ಕಾವಲಿನ ನಾಯಕತನ ಹೋಯಿತು. ಅಪೆಲುವಿನ ಮನೆಯವರು ಊರಲ್ಲೇ ಇರಬಹುದು. ಅಪೆಲು ಹೊರಗಿನಿಂದಲೇ ಕೈಮುಗಿದ. ನನಗೆ ಕುಣಿಯುವಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

"ಈಗ ಇನ್ನೊಂದು ಮಾತು," ಎಂದರು ಸಿಲಿವಾಯಿ, ದನಿ ಮೆತ್ತಗೆ ಮಾಡಿಕೊಂಡು. "ಫೆಟೂ, ಒಳಗೆ ಬಾ ಮಗಳೇ. ಅಧಿಕಾರಿ ಇನ್ನೂ ಏನೂ ಬರೆದಿಲ್ಲ. ಬಿರುಗಾಳಿ ಭಯಕ್ಕೆ ಚಿಪ್ಪಿಗಳನ್ನ ಪಕ್ಕದೂರಿನ ಪಂಜರಕ್ಕೆ ಸಾಗಿಸಿದ್ವಿ, ಮುಂದಿನ ತಿಂಗಳು ವಾಪಸ್ ತರ್ತೀವಿ ಅಂತ ಹೇಳೋಣ. ಮರುಎಣಿಕೆಗೆ ಒಪ್ತಾಳೆ. ನೀನು ಎಣಿಸೋಳು, ನಿನ್ನ ಮಾತಿಗೆ ಬೆಲೆ ಇದೆ. ಹದಿನಾರು ಮನೆ ಆ ಗುಡಿಸಲುಗಳಿಂದ ಉಣ್ತಿವೆ."

ಅವಳನ್ನು ಕಳ್ಳಿಯೆಂದು ಓಡಿಸಲು ಹೊರಟಿದ್ದವರು ಈಗ ಅವಳ ಪ್ರಾಮಾಣಿಕತೆಯನ್ನೇ ಸಾಲ ಕೇಳುತ್ತಿದ್ದರು.

"ಹನ್ನೊಂದೂ ಅಲ್ಲ ಯಜಮಾನ್ರೇ, ಹತ್ತು," ಎಂದಳು ಫೆಟೂ. "ಹನ್ನೊಂದನೇದು ನಮ್ಮದಲ್ಲ. ಹತ್ತು ಅಂತಲೇ ಹೇಳ್ತೀನಿ."

"ಮಗಳೇ," ಎಂದ ಅಪೆಲು. ಬೆಳಿಗ್ಗೆ ಅವಳ ಹೆಸರಿಗಾಗಿ ನಮ್ಮಂಗಳದಲ್ಲಿ ಅತ್ತವನು. "ಹಟ ಮಾಡ್ಬೇಡ. ಒಂದು ಸಂಖ್ಯೆ ತಾನೆ. ಈಗಷ್ಟೇ ಜಾಗ ಉಳಿದಿದೆ ನಮಗೆ."

ಅವಳು ಅಪ್ಪನ ಮುಖವನ್ನು ನೋಡಿದ ರೀತಿ ನನಗೆ ಇವತ್ತಿಗೂ ಮರೆಯಲಾಗಿಲ್ಲ. ಅತ್ತಿಗೆ ಏನಾದರೂ ಹೇಳುತ್ತಾಳೆಂದು ನಾನು ಕಾದೆ. ಅವಳು ಚಿಪ್ಪನ್ನು ತನ್ನ ಅಂಗಿಯ ತುದಿಯಿಂದ ಒರೆಸುತ್ತ ಕೂತಿದ್ದಳು. ಆ ಹದಿನಾರು ಮನೆಗಳಲ್ಲಿ ಅವಳ ಎರಡನೆಯ ಮಗಳ ಮನೆಯೂ ಒಂದು. ನನ್ನ ಬಸ್ಸಿನ ಸೀಟು ತುಂಬುವುದೂ ಆ ಗುಡಿಸಲುಗಳಿಂದಲೇ. ನಾನೂ ಬಾಯಿ ಬಿಡಲಿಲ್ಲ.

ಫೆಟೂ ಮೇಷ್ಟ್ರ ಮನೆಗೆ ಹೋಗಿ ಅಧಿಕಾರಿಗೆ ಹತ್ತು ಎಂದು ಹೇಳಿಬಂದಳು. ಮೂರು ಗಂಟೆಗೆ ಒಂದು ಚೀಲ ಹಿಡಿದು ನನ್ನ ಬಸ್ಸು ಹತ್ತಿದಳು. ಯಾರೂ ಅವಳನ್ನು ಹೋಗೆನ್ನಲಿಲ್ಲ, ಇರೆಂದೂ ಅನ್ನಲಿಲ್ಲ. ನಾನು ಟಿಕೆಟ್ಟು ಬೇಡವೆಂದರೂ ನಾಣ್ಯಗಳನ್ನು ಸೀಟಿನ ಮೇಲಿಟ್ಟು ಬಂದರಿನಲ್ಲಿ ಇಳಿದಳು.

ಅವಳ ಒಬ್ಬಳ ಮಾತಿನೆದುರು ಇಡೀ ಸಭೆಯ ಮಾತಿತ್ತು. ಅಧಿಕಾರಿ ಎರಡನ್ನೂ ಬರೆದುಕೊಂಡು ಮರುಎಣಿಕೆಗೆ ದಿನ ಗೊತ್ತುಮಾಡಿದಳು. ಮುಂದಿನ ತಿಂಗಳ ಮೊದಲ ಶನಿವಾರ ಎಣಿಕೆಯ ಹಾಳೆಯನ್ನು ಸಭಾಮನೆಯ ಕಂಬಕ್ಕೆ ಅಂಟಿಸಿದ್ದರು. ದೊಡ್ಡಚಿಪ್ಪಿ ನಲವತ್ತೊಂದು. ಮುಳುಗಿ ಎಣಿಸಿದವರು ಎಂಬಲ್ಲಿ ಅಪೆಲುವಿನ ಸಹಿ. ಅವನು ಸಕ್ಕರೆ ಕಾಯಿಲೆಗೆ ಎಡಗಾಲು ಕಳೆದುಕೊಂಡು ಏಳು ವರ್ಷವಾಗಿದೆ.