ಕೌಂಟನ ಕೋಟಿಗೆ ವ್ಯಾಪಾರಿಯ ತಲೆ

ಕತ್ತಿಯ ಮೊನೆ ನನ್ನ ಗಂಟಲಿಗೆ ತಾಗಿತ್ತು.

"ತಗಡು ಎಲ್ಲಿ, ಮಾಲಿವೆರ್?"

"ಯಾವ ತಗಡು?"

"ನಾಟಕ ಬೇಡ! ಅಂಗಿಯೊಳಗೆ ಉಬ್ಬಿರೋದು ನಿನ್ನ ಹೊಟ್ಟೆನಾ?"

ಅವನು ಗೂಜೋನ್. ಬಟ್ಟೆ ವ್ಯಾಪಾರಿ ಬ್ರಿಸೊನೆಯ ಬಂಟ. ಜಾಗ, ಪ್ಯಾರಿಸ್‌ನ ಒಬ್ಬ ಕೆತ್ತನೆಗಾರನ ಅಂಗಡಿ. ನನ್ನ ಅಂಗಿಯೊಳಗೆ, ಬಟ್ಟೆ ಸುತ್ತಿದ, ಚಿತ್ರ ಅಚ್ಚು ಹಾಕುವ ತಾಮ್ರದ ತಗಡು. ಅದರಲ್ಲಿ ಕೆತ್ತಿದ್ದು ತೀರಿಹೋದ ಕೌಂಟ್ ವರ್ಸಾಂಜಿಯ ಭಾವಚಿತ್ರ. ಮೈಮೇಲೆ ಕೋಟು, ಮೆಡಲ್, ರೇಷ್ಮೆ ಪಟ್ಟಿ, ಕೆಳಗೆ ಮನೆತನದ ಲಾಂಛನ... ಎಲ್ಲ!

ಬ್ರಿಸೊನೆಗೆ ಬೇಕಾದದ್ದೂ ಅದೇ. ಕೌಂಟನ ಮುಖ ಉಜ್ಜಿಸಿ, ಅಲ್ಲಿ ತನ್ನ ಮುಖ ಕೆತ್ತಿಸಿ, ಆ ಪ್ರಿಂಟು ತೋರಿಸಿ ಮಗಳಿಗೆ ದೊಡ್ಡ ಮನೆತನದ ಗಂಡು ಹಿಡಿಯಬೇಕು. ಕೌಂಟನಿಗೆ ಗಂಡುಮಕ್ಕಳಿಲ್ಲ. ಕೇಳುವವರು ಯಾರು?

ಆದರೆ ಕೌಂಟನಿಗೆ ಒಬ್ಬ ಮಗಳಿದ್ದಳು, ಅದೆಲೈಡ್. ನನ್ನನ್ನು ಕಳಿಸಿದವಳು ಅವಳೇ. ಅಪ್ಪನ ಮುಖ ಉಳಿದಿದ್ದುದು ಆ ತಗಡಿನಲ್ಲಿ ಮಾತ್ರ.

ಮಸಿ ಡಬ್ಬಿ ಕೈಗೆ ಸಿಕ್ಕಿತು. ಗೂಜೋನನ ಕಣ್ಣಿಗೆ ಎರಚಿದೆ!

ಓಡಿದೆ... ಮೀನಿನ ಬುಟ್ಟಿಗಳನ್ನು ಹಾರಿ, ಸೇತುವೆ ದಾಟಿ, ಮೂರು ಮಹಡಿ ಹತ್ತಿ, ಅದೆಲೈಡ್‌ಳ ಕೋಣೆಗೆ. ಹಿಂದೆಯೇ ಬೂಟುಗಳ ಸದ್ದು.

ಅದೆಲೈಡ್ ಬಟ್ಟೆ ಬಿಚ್ಚಿ ತಗಡನ್ನು ಬೆಳಕಿಗೆ ಹಿಡಿದಳು.

"ಮಾಲಿವೆರ್... ಅಪ್ಪ ಎಲ್ಲಿ?"

ಮುಖವಿರಬೇಕಾದ ಕಡೆ ನುಣ್ಣನೆಯ ತಾಮ್ರ!

ಕದ್ದು ತರುವುದು ನನ್ನ ಇಪ್ಪತ್ತು ವರ್ಷದ ಕಸುಬು. ಬಿಚ್ಚಿ ನೋಡದೆ ತಂದದ್ದು ಇದೇ ಮೊದಲು.

"ತಡ ಆಗೋಯ್ತು, ಅಮ್ಮಾವ್ರೇ."

ಬಾಗಿಲು ಮುರಿಯಿತು. ಏದುಸಿರು ಬಿಡುತ್ತ ಬ್ರಿಸೊನೆ. ಅವನ ಬೆನ್ನಿಗೆ ಕಪ್ಪು ಮೋರೆಯ ಗೂಜೋನ್.

"ಕೊಡಮ್ಮಾ, ಕೈ ಮುಗೀತೀನಿ! ನನ್ನ ಮುಖಕ್ಕೆ ಯಾವ ದೊಡ್ಡೋರೂ ಬಾಗಿಲು ತೆಗೆಯಲ್ಲ. ನಿಮ್ಮಪ್ಪನ ಕೋಟಿಗೆ ತೆಗೀತಾರೆ."

"ಹೌದಾ?"

ಅವಳು ನನ್ನ ಸೊಂಟದ ಚಾಕು ಎಳೆದಳು. ಇರಿದೇಬಿಡುತ್ತಾಳೆ ಎಂದುಕೊಂಡೆ!

ಚಾಕು ಇಳಿದದ್ದು ಲಾಂಛನದ ಮೇಲೆ. ಕರ್ರ್... ಕರ್ರ್... ಸಿಂಹ, ಕಿರೀಟ, ತನ್ನದೇ ಮನೆತನದ ಹೆಸರು. ಒಂದನ್ನೂ ಬಿಡಲಿಲ್ಲ.

"ಈಗ ತಗೊಳ್ಳಿ."

ಬ್ರಿಸೊನೆ ಹೊಸ್ತಿಲ ಮೇಲೆ ಕುಸಿದು ಕುಳಿತ. ಗೂಜೋನ್ ಕತ್ತಿ ಇಳಿಸಿದ. ತಗಡನ್ನು ಯಾರೂ ಮುಟ್ಟಲಿಲ್ಲ.

"ಒಯ್ದುಬಿಡು, ಮಾಲಿವೆರ್. ಇದು ನನ್ನ ಕಣ್ಣಿಗೆ ಬೀಳಬಾರದು."

ಅವಳು ಕಿಟಕಿಯತ್ತ ತಿರುಗಿದಳು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ತಗಡು ಎತ್ತಿಕೊಂಡು ಹೊರಟುಬಂದೆ.

ಪಾತ್ರೆ ಮಾಡುವವನು ಅದನ್ನು ತಟ್ಟಿ ಬಾಣಲೆ ಮಾಡಿಕೊಟ್ಟ. ಮೊಟ್ಟೆ ಚೆನ್ನಾಗಿಯೇ ಬೇಯುತ್ತದೆ... ದೊಡ್ಡ ಮನೆತನದ್ದಲ್ಲವೇ!